ಬಿಳಿ ಸೆರಗಿಗೆ ಕೆಂಪು ಸೀರೆ

ಸೆರಗಿನ ವಿಷಯದಲ್ಲಿ ಇಡೀ ಶಿಕಾರಿಪುರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಓದಿದ್ದು ಏಳನೇ ಕ್ಲಾಸಾದರೂ ಸೀರೆ ಅಂಗಡಿಯ ಗಾದಿಯ ಮೇಲೆ ಕೂತೇ ತಲೆ ನರೆತಿದೆ. ಹೀಗಿರುವಾಗ ಸೊರಬದಿಂದ ತಂಗಿ ಗೌರಿಯ ಫೋನು ಬಂತು.

"ಅಣ್ಣಾ, ಅತ್ಗಿಗೆ ಕೊಡು."

"ಅವಳು ರೊಟ್ಟಿ ಬಡೀತಾ ಅದಾಳೆ. ನಂಗೇ ಹೇಳು, ನಾನೇನು ಹೊರಗಿನವನಾ?"

ನಮ್ಮವ್ವ ಈಗ ಬದುಕಿಲ್ಲ. ಗಂಡನ ಮನೆಯಲ್ಲಿ ಇಂಥದ್ದಕ್ಕೆ ಬಾಯಿ ಬಿಡುವಂತಿಲ್ಲ. ಪಾಪ, ತಡವರಿಸಿ ತಡವರಿಸಿ ಹೇಳಿದಳು: "ಬಿಳಿ ಸೆರಗು ಅಣ್ಣಾ... ಭಾಳ ಜಾಸ್ತಿ ಆಗೈತೆ."

"ಅಷ್ಟೇನಾ! ಬಿಳಿ ಜಾಸ್ತಿ ಆದ್ರೆ ಕೆಂಪು ಕಳಿಸ್ತೀನಿ ಬಿಡು!"

ಫೋನು ಕಟ್ಟಾಯಿತು. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದು ತೀರ್ಮಾನಿಸಿದೆ. ಕೆಂಪು ಸೆರಗಿನ ಸೀರೆಯೊಂದನ್ನು ಸೊರಬದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಕಲ ಮರ್ಯಾದೆಗಳೊಂದಿಗೆ ರವಾನಿಸಿದೆ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅವಳಿಗೂ ಒಂದು ಕೊಡಬೇಕಲ್ಲ!

ಕೆಲವು ದಿನ ಬಿಟ್ಟು ಮತ್ತೆ ಫೋನು. ಸೀರೆಯ ಸುದ್ದಿಯೇ ಇಲ್ಲ!

"ಅತ್ಗಿ ಇಲ್ವಾ?"

"ಸಂತೆಗೆ ಹೋಗಿದಾಳೆ. ಏನು ಹೇಳು."

"ಒಂದಕ್ಕೆ ಹೋದ್ರೆ ಉರಿ, ಅಣ್ಣಾ. ಮತ್ತೆ ಮತ್ತೆ ಹೋಗ್ಬೇಕು ಅನ್ಸುತ್ತೆ."

ಈ ಸಲ ನಾನು ವೈದ್ಯನಾದೆ. "ಉಷ್ಣ ಅದು! ಹೋದ್ರೆ ತಾನೆ ಉರಿ? ನೀರು ಕಡಿಮೆ ಕುಡಿ. ಆದಷ್ಟು ತಡ್ಕೋ!"

ತಡೆದುಕೊಂಡಳು. ಅಣ್ಣನ ಮಾತು ಮೀರದ ತಂಗಿ! ಚಳಿಜ್ವರಕ್ಕೆ ಗಡಗಡ ನಡುಗುವ ತನಕ, ಬೆನ್ನು ಹಿಡಿದುಕೊಂಡು ಒಲೆಯ ಮುಂದೆ ಕುಸಿಯುವ ತನಕ ತಡೆದುಕೊಂಡಳು. ಅವಳ ಗಂಡ ಆಸ್ಪತ್ರೆಯಿಂದ ಫೋನು ಮಾಡಿದ. ನಾನೂ ಹೆಂಡತಿಯೂ ಸೊರಬದ ಬಸ್ಸು ಹತ್ತಿದೆವು.

"ಏನ್ರೀ, ಅವಳು ಮೊದ್ಲೇ ಏನೂ ಹೇಳಿರ್ಲಿಲ್ವಾ?"

"ಬಿಳಿ ಸೆರಗು ಅಂದ್ಲು. ಸೀರೆ ಕಳಿಸ್ದೆ."

ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಹಣೆ ಚಚ್ಚಿಕೊಂಡಳು. "ಅದು ಬಟ್ಟೆ ಅಲ್ರೀ, ಕಾಯಿಲೆ! ಹೆಂಗಸರಿಗೆ ಬಿಳೀದು ಹೋಗೋದು! ನಿಮ್ಮ ಅಂಗಡಿಗಿಷ್ಟು ಬೆಂಕಿ ಹಾಕ!"

ಗೌರಿ ಮಂಚದ ಮೇಲೆ ಹಿಂಡಿದ ಬಟ್ಟೆಯ ಹಾಗೆ ಬಿದ್ದಿದ್ದಳು. ಕೈಗೆ ಡ್ರಿಪ್ಪು. ಹೆಂಡತಿ ಅವಳ ಕಾಲ ಬಳಿ ಕೂತಳು. ನಾನು ತಲೆಯ ಬಳಿ ನಿಂತೆ.

"ಮೂತ್ರದ ಸೋಂಕು ಮೇಲೆ ಹತ್ತಿ ಕಿಡ್ನಿ ಮುಟ್ಟಿದೆ. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು," ಎಂದರು ಡಾಕ್ಟರಮ್ಮ. "ಬಿಳಿ ಹೋಗಿ ತುರಿಸೋದು ಬೇರೆ ಸೋಂಕು, ಅದಕ್ಕೆ ಬೇರೆ ಔಷಧಿ. ನೋಡಮ್ಮಾ, ನೀರು ಚೆನ್ನಾಗಿ ಕುಡೀಬೇಕು. ಒಂದಕ್ಕೆ ಬಂದ್ರೆ ತಡ್ಕೋಲೇಬಾರ್ದು. ತೊಳ್ಕೊಳ್ಳೋದು ಮುಂದಿನಿಂದ ಹಿಂದಕ್ಕೆ. ಒಳಗೆಲ್ಲ ಸೋಪು ಹಾಕ್ಬೇಡ. ಒಳಬಟ್ಟೆ ನಾಚ್ಕೊಂಡು ಸೀರೆ ಅಡಿಗೆ ಒಣಗಿಸ್ತೀರಲ್ಲ, ಅದನ್ನ ಬಿಡಿ. ಬಿಸಿಲಿಗೆ ಹಾಕಿ. ಉರಿ ನಿಂತ್ರೂ ಮಾತ್ರೆ ಪೂರ್ತಿ ಮುಗಿಸು. ಅಲ್ಲಮ್ಮಾ, ಇಷ್ಟು ದಿನ ಯಾರಿಗೂ ಹೇಳ್ಲಿಲ್ವಾ?"

ಅವಳಿಗೆಂದು ತಂದಿದ್ದ ಎಳನೀರನ್ನು ನಾನು ಎದೆಗೆ ಅವಚಿಕೊಂಡೆ. ಗೌರಿ ನನ್ನ ಕಡೆ ನೋಡಲಿಲ್ಲ.

"ಹೇಳೋಕೆ ಯಾರೂ ಇರ್ಲಿಲ್ಲ ಮೇಡಂ."

ನನ್ನ ಮಾನ ಉಳಿಯಿತು! ಎಳನೀರು ಹಿಡಿದುಕೊಂಡು ಮಂಚಕ್ಕೆ ಆತು ನಿಂತೇ ಇದ್ದೆ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.