ನಾನು ಗಳಿಗೆ ನೋಡಿ ಇಳಿಸಿದ ಈಜು

ಗೋಡೆಯ ಕ್ಯಾಲೆಂಡರ್ ನೋಡದೆ ನಾನು ಕ್ಷೌರಕ್ಕೂ ಹೋದವನಲ್ಲ. ಹೆಣ್ಣು ನೋಡಲು ಹೋದ ದಿನ ರಾಹುಕಾಲ ಕಳೆಯಲೆಂದು ಅವರ ಮನೆಯ ಗೇಟಿನ ಹೊರಗೆ ಮುಕ್ಕಾಲು ಗಂಟೆ ನಿಂತಿದ್ದೆ. "ಅಷ್ಟೆಲ್ಲ ನೋಡಿಯೂ ನನಗೆ ನೀವೇ ಗಂಟುಬಿದ್ರಲ್ಲ" ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. ನನ್ನ ಈ ಚಟದಿಂದ ಯಾರಿಗೂ ಕೆಡುಕಾಗಿಲ್ಲವೆಂದು ನಂಬಿಕೊಂಡಿದ್ದೆ, ನಂಜುಂಡ ಸಿಗುವವರೆಗೆ.

ಇಸವಿ ಎರಡು ಸಾವಿರ ದಾಟಿದ ಹೊಸತು. ಮೈಸೂರಿನ ಒಂದು ಊದುಬತ್ತಿ ಕಂಪನಿಯಲ್ಲಿ ಪ್ರಚಾರದ ಕೆಲಸ ನನ್ನದು. ಕುಂಬಾರಕೊಪ್ಪಲಿನ ನಂಜುಂಡ ಪ್ರಾಯೋಜಕರನ್ನು ಹುಡುಕಿಕೊಂಡು ಬಂದ. ಪೋಲಿಯೋದಿಂದ ಬಲಗಾಲು ಸೊರಗಿತ್ತು, ತೋಳುಗಳು ಮಾತ್ರ ಗರಡಿಯವನ ಹಾಗಿದ್ದವು. ಇಲವಾಲದಾಚೆಯ ಹಿನ್ನೀರನ್ನು ಈಜಿ ದಾಟಬೇಕು, ದಾರಿಯಲ್ಲಿ ಸಿಕ್ಕ ಪ್ಲಾಸ್ಟಿಕ್ಕನ್ನೆಲ್ಲ ಹೆಕ್ಕಿ ಜೊತೆಗೆ ಬರುವ ತೆಪ್ಪಕ್ಕೆ ಎಸೆಯಬೇಕು, ತೆಪ್ಪದ ಅಂಚನ್ನು ಒಮ್ಮೆ ಹಿಡಿದರೂ ಈಜು ಅಲ್ಲಿಗೇ ಮುಗಿದಂತೆ. ಇದು ಅವನೇ ಹಾಕಿಕೊಂಡ ನಿಯಮ. "ಮೂರು ವರ್ಷದಿಂದ ಇದೇ ಕನಸು ಸಾರ್. ಬ್ಯಾನರ್ ಮಾತ್ರ ಬಟ್ಟೇದಾಗ್ಲಿ. ಬೆಳಿಗ್ಗೆ ಏಳಕ್ಕೇ ಇಳಿದ್ಬುಡ್ತೀನಿ, ಮಧ್ಯಾಹ್ನ ಗಾಳಿ ಏಳ್ತದೆ" ಎಂದ. ಎಲ್ಲದಕ್ಕೂ ತಲೆಯಾಡಿಸಿದೆ. ಆಮೇಲೆ, ಆಗಷ್ಟೇ ಊರಿಗೆ ಬಂದಿದ್ದ ಫ್ಲೆಕ್ಸಿನ ಹೊಳಪಿಗೆ ಮರುಳಾಗಿ, ಇಪ್ಪತ್ತು ಅಡಿ ಪ್ಲಾಸ್ಟಿಕ್ಕಿನ ಮೇಲೆ 'ಶುದ್ಧ ನೀರಿಗಾಗಿ ಈಜು' ಎಂದು ಮಾಡಿಸಿದೆ.

ಅಂದು ಶನಿವಾರ. ಏಳಕ್ಕೆ ಬರಬೇಕಿದ್ದ ನಮ್ಮ ಕಂಪನಿಯ ಯಜಮಾನರು ಬಂದದ್ದು ಎಂಟೂವರೆಗೆ. ಮೈಗೆ ಎಣ್ಣೆ ಸವರಿಕೊಂಡು, ಚಡ್ಡಿಯಲ್ಲಿ ಊರುಗೋಲಿನ ಮೇಲೆ ನಿಂತಿದ್ದ ನಂಜುಂಡನಿಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಗಂಧದ ಹಾರ ಹಾಕಿದೆವು. ಯಜಮಾನರು ಬಾವುಟ ಎತ್ತಿದರು. ನನ್ನ ಹಾಳು ಕಣ್ಣು ಗಡಿಯಾರದ ಮೇಲೆ ಬಿತ್ತು. ಒಂಬತ್ತು. ಯಾರೂ ಕೇಳಿರಲಿಲ್ಲ. ಆದರೂ ಅವರ ಕಿವಿಯಲ್ಲಿ, "ಸಾರ್, ರಾಹುಕಾಲ ಶುರುವಾಗ್ಬುಡ್ತು" ಎಂದೆ.

"ಹೌದಲ್ರೀ! ಹತ್ತೂವರೆ ಆಗ್ಲಿ ತಡೀರಿ."

"ನೀರಿಗೆಲ್ಲಿ ರಾಹುಕಾಲ ಸಾರ್?" ಎಂದ ನಂಜುಂಡ.

"ಸುಮ್ನಿರಪ್ಪಾ, ನಿನ್ನ ಒಳ್ಳೇದಕ್ಕೇ" ಎಂದೆ ನಾನು.

ಅವನು ಇಳಿಯುವ ಹೊತ್ತಿಗೆ ಹತ್ತೂ ಮುಕ್ಕಾಲು. ಕ್ಯಾಮೆರಾದವರೊಡನೆ ನಾನು ಇನ್ನೊಂದು ತೆಪ್ಪದಲ್ಲಿ ಹಿಂದೆಯೇ ಹೊರಟೆ. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಾಲು ದಾಟಿದ್ದ. ಆಚೆ ದಡದಲ್ಲಿ ಅವನ ತಾಯಿ ಟವೆಲ್ ಹಿಡಿದು ನಿಂತಿದ್ದು ಕಾಣುತ್ತಿತ್ತು. ಅಷ್ಟರಲ್ಲಿ ಅವನು ಹೇಳಿದ್ದ ಗಾಳಿ ಎದ್ದಿತು. ಆ ದಡದಲ್ಲಿ ನಾನೇ ನಿಂತು ಕಟ್ಟಿಸಿದ್ದ ಫ್ಲೆಕ್ಸ್ ಕಿತ್ತುಕೊಂಡು ಬಂದು ಅವನ ಮುಂದೆಯೇ ನೀರಿಗೆ ಬಿತ್ತು. "ಬುಟ್ಬುಡು ನಂಜುಂಡ, ನಾವು ಎತ್ಕೋತೀವಿ!" ಎಂದು ಕೂಗಿದೆ. ಅವನು ಬಿಡಲಿಲ್ಲ. ಅಷ್ಟುದ್ದದ ಪ್ಲಾಸ್ಟಿಕ್ಕನ್ನು ಎಳೆದೆಳೆದು ಸುರುಳಿ ಸುತ್ತಿದ, ತೆಪ್ಪಕ್ಕೆ ಎತ್ತಿ ಹಾಕುವಾಗ ಅಲೆ ಹೊಡೆಯಿತು, ಎಡಗೈ ತೆಪ್ಪದ ಅಂಚು ಹಿಡಿಯಿತು. ನಾನು ಕಾಣದವನಂತೆ ದಡದ ಕಡೆ ತಿರುಗಿದೆ. ಅವನೇ, "ಮುಗೀತು ಸಾರ್" ಎಂದ.

ದಡಕ್ಕೆ ಬಂದ ಮೇಲೆ ಅವನು ಬೈದಿದ್ದರೆ ಹಗುರಾಗುತ್ತಿದ್ದೆ. ಸುರುಳಿಯನ್ನು ನನ್ನ ಕೈಗಿಟ್ಟು, "ಇದು ನಿಮ್ದು ಸಾರ್" ಎಂದನಷ್ಟೆ.

ಅದೀಗ ವಿಜಯನಗರದ ನಮ್ಮ ಮನೆಯ ಅಟ್ಟದಲ್ಲಿದೆ. ಎಸೆದುಬಿಡಿ ಎನ್ನುತ್ತಾಳೆ ಹೆಂಡತಿ. ಎಸೆಯುವುದಾದರೂ ಎಲ್ಲಿಗೆ? ಎಲ್ಲಿ ಎಸೆದರೂ ಅದನ್ನು ಹೆಕ್ಕಲು ನಂಜುಂಡನೇ ಬರುತ್ತಾನೆ ಅನ್ನಿಸುತ್ತದೆ. ಅವನ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಬೇಕು ಎಂದು ಪ್ರತಿ ಶನಿವಾರವೂ ಚಪ್ಪಲಿ ಮೆಟ್ಟುತ್ತೇನೆ. ಒಂಬತ್ತು ಹೊಡೆಯುತ್ತದೆ. ಹತ್ತೂವರೆ ಆಗಲಿ ಎಂದು ಕೂರುತ್ತೇನೆ.