ಕೌಂಟ್ ಸಾಹೇಬರಿಗೆ ಎಡೆ

ಎಲ್ಲ ರಗಳೆಗೂ ಮೂಲ, ಚಿತ್ರದ ಚೌಕಟ್ಟಿನ ಮೂಲೆಯಲ್ಲಿ ಒಂದು ಚಕ್ಕೆ ಎದ್ದಿದ್ದದ್ದು. ಅದನ್ನು ಮರೆಮಾಡಲು ಬಾಲಚಂದ್ರ ಒಂದು ಗಂಧದ ಹಾರ ಹಾಕಿದ.

ಚಿತ್ರ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ಹಳೇ ಸಾಮಾನಿನ ಅಂಗಡಿಯದು. ಕೆಳಗಿನ ಹಿತ್ತಾಳೆ ಪಟ್ಟಿಯ ಪ್ರಕಾರ ಇವರು ಕೌಂಟ್ ಆರ್ವಿಡ್ ಫಾಲ್ಕೆನ್‌ಶೋಲ್ಡ್, ಹತ್ತೊಂಬತ್ತನೆಯ ಶತಮಾನದಲ್ಲಿ ರಾಜನ ಮಂತ್ರಿ. ಎದೆ ತುಂಬ ಪದಕ, ಕೆನ್ನೆ ತುಂಬ ಮೀಸೆ, ಮುಖದಲ್ಲಿ ಮಾತ್ರ ಸಾರಿಗೆ ಉಪ್ಪು ಸಾಲದು ಎಂಬ ಖಾಯಂ ಅಸಮಾಧಾನ. ಬಾಲಚಂದ್ರ ಕೊಂಡದ್ದೇ ಆ ಮುಖಕ್ಕಾಗಿ. ವಿಮಾನದ ಇಂಜಿನ್ ಕಾರ್ಖಾನೆಯ ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ಕೆಳಗಿನ ಮನೆಯ ಮುದುಕಿ ಮೆಟ್ಟಿಲ ಮೇಲೆ ಸಿಕ್ಕಾಗ ಅನ್ನುವ 'ಹೇಯ್' ಎಂಬ ಅಲ್ಲಿನ ನಮಸ್ಕಾರ ಬಿಟ್ಟರೆ, ರಜಾದಿನಗಳಲ್ಲಿ ಅವನ ಜೊತೆ ಮಾತಾಡುತ್ತಿದ್ದದ್ದು ಕುಕ್ಕರ್ ಒಂದೇ. ಊಟದ ಹೊತ್ತಿಗೆ ಎದುರಿಗೆ ಯಾರಾದರೂ ಬೇಕಿತ್ತು, ತಪ್ಪು ಹುಡುಕುವವರಾದರೂ ಸರಿ.

ಆ ಶನಿವಾರವೂ ಕೌಂಟರ ಮುಂದೊಂದು ತಟ್ಟೆ ಇಟ್ಟು, ಅನ್ನ ಸಾರು ಹಪ್ಪಳ ಬಡಿಸಿ, "ಶುರು ಮಾಡಿ ರಾಯರೇ" ಅನ್ನುವಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಂದವಳು ಸಹೋದ್ಯೋಗಿ ಸುಹಾಸನ ಹೆಂಡತಿ ಮೀರಾ. ಗಣೇಶನ ಹಬ್ಬದಲ್ಲಿ ಅವರ ಮನೆಯಲ್ಲೇ ಉಳಿದಿದ್ದ ಅವನ ಸ್ಟೀಲ್ ಡಬ್ಬಿ ಕೊಡಲು ಬಂದಿದ್ದಳು. ಹಾರ ನೋಡಿದಳು, ತಟ್ಟೆ ನೋಡಿದಳು. ಅಂದು ಮಹಾಲಯ ಅಮಾವಾಸ್ಯೆ ಎಂಬುದು ಬಾಲಚಂದ್ರನಿಗೆ ಮರೆತೇಹೋಗಿತ್ತು. ಅವಳಿಗೆ ಮರೆತಿರಲಿಲ್ಲ.

"ಅಯ್ಯೋ, ಹಿರಿಯರಿಗೆ ಎಡೆ ಇಟ್ಟಿದೀರಾ! ಇವ್ರು ನಿಮ್ಮ... ತಾತನಾ?"

"ಅದು ಹಾಗಲ್ಲ ಮೀರಾ ಅವ್ರೇ..."

"ಸಂಕೋಚ ಯಾಕ್ರೀ? ನಿಮ್ದು ಬೆಕ್ಕಿನ ಕಣ್ಣು ಅಂತ ನಾನು ಅವತ್ತೇ ಸುಹಾಸ್‌ಗೆ ಹೇಳಿದ್ದೆ!"

ಅವಳು ಮೆಟ್ಟಿಲು ಇಳಿಯುವ ಮೊದಲೇ ಸುದ್ದಿ ಕನ್ನಡದವರ ವಾಟ್ಸಾಪ್ ಗುಂಪು ಮುಟ್ಟಿತ್ತು. ಊರಿನ ಒಬ್ಬ ಕನ್ನಡಿಗನೂ ಆ ವರ್ಷ ಎಡೆ ಇಟ್ಟಿರಲಿಲ್ಲ. ಒಬ್ಬರ ಮನೆಯಲ್ಲಾದರೂ ಇಟ್ಟಿದ್ದಾರೆಂದು ಗೊತ್ತಾದದ್ದೇ ತಡ, ಬೆಲ್ಲ ಕಂಡ ಇರುವೆಗಳ ಹಾಗೆ ಸಾಲುಗಟ್ಟಿ ಬಂದರು. ಗುಂಪಿನ ಹಿರಿಯ ರಾಜಗೋಪಾಲ ವಡೆ ತಂದರು, ಅವರ ಹೆಂಡತಿ ಲೀಲಾವತಿ ಪಾಯಸ ತಂದರು. ಬಾಗಿಲ ಹೊರಗೆ ಮೆಟ್ಟಿಲ ತನಕ ಚಪ್ಪಲಿ, ಬೂಟು.

"ಗುರೂ, ತಾತ ಮಿನಿಸ್ಟರ್ ಆಗಿದ್ರೂ ವರ್ಕ್ ಪರ್ಮಿಟ್‌ಗೆ ನಮ್ಮ್ ಜೊತೆ ಅಲೀತಿದ್ಯಲ್ಲೋ!" ಎಂದ ಸುಹಾಸ್.

"ಅರಮನೆ ಗಿರಮನೆ ಏನಾದ್ರೂ ಬಿಟ್ಟು ಹೋಗಿದಾರೇನಪ್ಪಾ?" ಎಂದರು ಲೀಲಾವತಿ.

ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಹೇಳಿದರೆ ಮನೆ ಖಾಲಿ. ಬಾಲಚಂದ್ರ ಸೋಫಾದ ಕಡೆ ನೋಡಿದ. ಅದರ ಮೇಲೆ ತನಗೇ ಕೂರಲು ಜಾಗವಿಲ್ಲದ್ದು ಇದೇ ಮೊದಲು. "ಹ್ಞೂಂ" ಅಂದ.

"ದಸರೆಗೆ ನಮ್ಮನೇಗೆ ಬರ್ಲೇಬೇಕು. ತಾತನ್ನೂ ಕರ್ಕೊಂಡ್ ಬಾ" ಎಂದು ರಾಜಗೋಪಾಲ ಬೆನ್ನು ತಟ್ಟಿದರು. ಬಾಲಚಂದ್ರನ ಕಣ್ಣು ತುಂಬಿತು. ತಪ್ಪನ್ನು ವಡೆಯ ಮೆಣಸಿನಕಾಯಿಯ ಮೇಲೆ ಹಾಕಿದ.

ಮತ್ತೆ ಕರೆಗಂಟೆ. ಕೆಳಗಿನ ಮನೆಯ ಮುದುಕಿ ಎಬ್ಬಾ. ನೀಟಾಗಿ ಇಸ್ತ್ರಿಯಾದ ಇಂಗ್ಲಿಷಿನಲ್ಲಿ, "ಮೆಟ್ಟಿಲ ಮೇಲೆ ಚಪ್ಪಲಿ ಇಡುವಂತಿಲ್ಲ. ಬೆಂಕಿ ಬಿದ್ದರೆ ಓಡುವವರು..." ಎನ್ನುತ್ತಿದ್ದವಳ ಕಣ್ಣು ಅವನ ಭುಜದಾಚೆ ಹೋಯಿತು. "ಇದೇನು, ನನ್ನ ಮುತ್ತಜ್ಜ!"

ಬಾಯಿಗೆ ಹೋಗುತ್ತಿದ್ದ ವಡೆಗಳೆಲ್ಲ ಅಲ್ಲಲ್ಲೇ ನಿಂತವು.

"ಅಂದ್ರೆ ಇವ್ರು ನಿಮ್ಮ ತಾತ ಅಲ್ವಾ?" ಮೀರಾ ಕೇಳಿದಳು.

"ನಾನು ಬರೀ ಹ್ಞೂಂ ಅಂದೆ..."

"ಕಂಡೋರ ತಾತನ್ನ ದತ್ತು ತಗೊಂಡಿದ್ಯಲ್ಲಯ್ಯಾ!" ಎಂದರು ರಾಜಗೋಪಾಲ.

ಅಷ್ಟರಲ್ಲಿ ಲೀಲಾವತಿ ಎಬ್ಬಾಳನ್ನು ಕೂರಿಸಿ, ಕೈಗೆ ಪಾಯಸ ಕೊಟ್ಟಾಗಿತ್ತು. "ಊಟದ ಹೊತ್ತಿನಲ್ಲಿ ಯಾರೂ ಮಾತಾಡಕೂಡದು ಅನ್ನುವುದು ನಮ್ಮ ಮನೆತನದ ಕಾನೂನು" ಎಂದಳು ಎಬ್ಬಾ. "ಮಾಡಿದವರು ಇವರೇ. ಹುಟ್ಟಿದಾಗಿನಿಂದ ಈ ಮುಖದ ಕೆಳಗೇ ಉಂಡೆ. ಒಬ್ಬೊಬ್ಬರಾಗಿ ಎಲ್ಲರೂ ಹೋಗಿ, ಕೊನೆಗೆ ಇವರು, ನಾನು. ಸಾಕಾಯಿತು, ಅಂಗಡಿಗೆ ಕೊಟ್ಟುಬಿಟ್ಟೆ." ತುಂಬಿದ ಮನೆಯನ್ನೊಮ್ಮೆ ನೋಡಿದಳು. "ಹಾರ ಹಾಕಿದರೆ ಜನ ಬರುತ್ತಾರೆ ಅಂತ ನನಗೆ ಯಾರೂ ಹೇಳಲೇ ಇಲ್ಲ."

"ಪಾಪ! ಎಡೆ ಇಡೋದಾದ್ರೆ ಸ್ವಂತ ಮರಿಮೊಮ್ಮಗಳ ಮನೇಲಿ ಇಡ್ಬೇಕು, ಅಲ್ವೇನ್ರೀ?" ಲೀಲಾವತಿ ಗಂಡನ ಕಡೆ ತಿರುಗಿದರು. ಅವರು ಆಗಲೇ ಕೌಂಟರನ್ನು ಮೊಳೆಯಿಂದ ಇಳಿಸುತ್ತಿದ್ದರು. ಹಾರ ಸಮೇತ ಮಂತ್ರಿಗಳು ಮುಂದೆ, ಪಾಯಸ ಹಿಂದೆ, "ಎಬ್ಬಾ ಅಜ್ಜಿ, ಹುಷಾರು" ಎನ್ನುತ್ತ ಮೀರಾ. ಮೆರವಣಿಗೆ ಕಾಲುಚೀಲದಲ್ಲೇ ಕೆಳಗಿಳಿಯಿತು. ಬಾಲಚಂದ್ರನಿಗೆ ಯಾರೂ ಬರಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ.

ನೆಲದಡಿಯಿಂದ ನಗು ಕೇಳಿಬರತೊಡಗಿತು. ಬಾಗಿಲು ಮುಚ್ಚಲು ಹೋದವನ ಮುಖ ಅರಳಿತು. ಚಪ್ಪಲಿಗಳೆಲ್ಲ ಇಲ್ಲೇ ಇವೆ! ಬರಿಗಾಲಲ್ಲಿ ಯಾರು ತಾನೇ ಮನೆಗೆ ಹೋದಾರು? ಬಂದೇ ಬರಬೇಕು. ಓಡಿಹೋಗಿ ಎಲ್ಲರಿಗೂ ಆಗುವಷ್ಟು ಕಾಫಿ ಮಾಡಿ, ಬಾಗಿಲು ತೆರೆದೇ ಇಟ್ಟು ಕೂತ.

ಬಂದವಳು ಎಬ್ಬಾ, ಕೈಯಲ್ಲೊಂದು ದೊಡ್ಡ ನೀಲಿ ಚೀಲ. ಚಪ್ಪಲಿಗಳನ್ನು ಒಂದೊಂದಾಗಿ ತುಂಬಿಕೊಂಡಳು.

"ಕಾಫಿ ಆಗಿದೆ..." ಎಂದ ಬಾಲಚಂದ್ರ.

"ಒಳ್ಳೆಯದಾಯಿತು. ಕೆಳಗೆ ಎಲ್ಲರೂ ಕೇಳುತ್ತಿದ್ದಾರೆ." ಪಾತ್ರೆಯನ್ನೂ ಎತ್ತಿಕೊಂಡಳು. ಮೆಟ್ಟಿಲ ಮೇಲೆ ಒಂದೇ ಜೊತೆ ಉಳಿದಿತ್ತು. ಅದನ್ನು ಕಾಲಿನಿಂದ ಮೆಲ್ಲಗೆ ಅವನ ಹೊಸ್ತಿಲೊಳಕ್ಕೆ ಸರಿಸಿದಳು. "ಇವು ನಿಮ್ಮವು. ಒಳಗಿರಲಿ."

ಬಾಲಚಂದ್ರ ಬಾಗಿಲು ಹಾಕಿ ಬಂದು, ಬರೀ ಮೊಳೆಯ ಎದುರು ಕೂತು, ಆರಿದ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟ.

ಸಾರಿಗೆ ಉಪ್ಪೇ ಹಾಕಿರಲಿಲ್ಲ.