ಏಳು ಲಗ್ನಪತ್ರಿಕೆ, ಒಂದರ ಜಾಗ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಾನು ಎಲ್ಲವನ್ನೂ ಸ್ವಲ್ಪ ಉಬ್ಬಿಸಿಯೇ ಹೇಳುವವನು ಎಂದು ನಮ್ಮ ಕ್ಲಾಸಿನವರೆಲ್ಲ ಒಪ್ಪಿದ್ದಾರೆ. ಆದರೆ ಅರವತ್ತು ದಾಟಿದ ಹರಿಹರದ ಹಾಲಪ್ಪನವರು, ತಮ್ಮನ ಮಗನನ್ನು ಪಕ್ಕಕ್ಕೆ ತಳ್ಳಿ, ತಾವೇ ಹಸೆಮಣೆ ಏರಲು ಹೊರಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಂಡದ್ದೇನು, ಆ ಸಂಬಂಧ ಕುದುರಿಸಿದವನೇ ನಾನು.

ದಾವಣಗೆರೆಯಲ್ಲಿ ನಮ್ಮಪ್ಪನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಕೆಲಸವೇ ಹೆಚ್ಚು. ಒಂದು ಪತ್ರಿಕೆ ಒಂದೇ ಸಲಕ್ಕೆ ಮುಗಿದದ್ದನ್ನು ಯಾರೂ ಕಂಡಿಲ್ಲ. ಆಹ್ವಾನಿಸುವವರಲ್ಲಿ ಯಾರ ಹೆಸರು ಮೇಲೆ ಎಂಬುದೇ ತಂಟೆ. ದೊಡ್ಡಪ್ಪ ಬಂದರೆ ಒಂದು, ಚಿಕ್ಕಪ್ಪ ಬಂದರೆ ಇನ್ನೊಂದು. ಹಾಲಪ್ಪನವರ ಮನೆಯದಂತೂ ಬದಲಾಗಿ ಬದಲಾಗಿ ಏಳಾಗಿತ್ತು. ಹಳೆಯದನ್ನು ಅಳಿಸುವಂತಿಲ್ಲ, "ಮೊದಲಿಂದೇ ಚಂದಿತ್ತು" ಎಂದು ಯಾವಾಗ ಬರುತ್ತಾರೋ! ಹೀಗಾಗಿ ಫ್ಲಾಪಿಗಳಲ್ಲಿ ಅದೇ ಗಣಪ ಏಳು ಸಲ ಕೂತು ಜಾಗ ತಿನ್ನುತ್ತಿದ್ದ. ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದ ನನಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಪ್ರೋಗ್ರಾಂ ಬರೆದೆ. ಕೊನೆಯ ಪತ್ರಿಕೆ ಮಾತ್ರ ಪೂರ್ತಿ ಇರುತ್ತದೆ. ಹಳೆಯವಕ್ಕೆ ವ್ಯತ್ಯಾಸದ ಚೀಟಿ ಸಾಕು. 'ಒಂಬತ್ತನೇ ಸಾಲು ತೆಗೆ, ಅಲ್ಲಿ ಹಾಲಪ್ಪ ಹಾಕು', ಇಷ್ಟೇ. ಹಳೆಯದು ಬೇಕಾದರೆ ಕಂಪ್ಯೂಟರೇ ಚೀಟಿ ನೋಡಿ ಕಟ್ಟಿಕೊಡುತ್ತದೆ. ಉಳಿದ ಆರನ್ನೂ ಅಳಿಸಿ, ಇಡೀ ಓಣಿಗೆ ಹೇಳಿಕೊಂಡು ಬಂದೆ.

ಅಪ್ಪ ಚಹಾ ಕುಡಿಯಲು ಹೋಗಿದ್ದಾಗ ಹಾಲಪ್ಪನವರು ಹೆಂಡತಿ ಸಮೇತ ಬಂದರು. ಸಂಜೆ ಪ್ರೆಸ್ಸಿಗೆ ಹೋಗಬೇಕಿದ್ದ ಪತ್ರಿಕೆಯಲ್ಲಿ ತಮ್ಮನ ಹೆಸರು ಮೇಲಿತ್ತು.

"ನಾನಿನ್ನೂ ಬದುಕಿದೀನಪ್ಪ! ಮೂರನೇ ಸಲ ತೋರ್ಸಿದ್ರಲ್ಲ, ಅದೇ ಹಾಕು. ಇಲ್ಲಾಂದ್ರೆ ನಾನು ಮದುವಿಗೇ ಬರಲ್ಲ."

"ಕೂಡ್ರಿ ಯಜಮಾನ್ರೇ, ಒಂದ್ ನಿಮಿಷ" ಎಂದು ಗತ್ತಿನಿಂದ ಗುಂಡಿ ಒತ್ತಿದೆ. ಪ್ರಿಂಟರ್ ಕಿರ್ರೆಂದು ಕಾಗದ ಉಗುಳಿತು. ಕನ್ನಡಕ ಮರೆತು ಬಂದಿದ್ದ ಹಾಲಪ್ಪನವರು ಅದನ್ನು ಹೆಂಡತಿಗೆ ಕೊಟ್ಟರು.

"ನನ್ ಹೆಸ್ರು ಎಲ್ಲೈತೆ ನೋಡು."

"ಐತ್ರಿ, ಮೇಲೇ ಐತೆ. 'ಶ್ರೀ ಹಾಲಪ್ಪ, ಇವರ ವಿವಾಹವು ಚಿ.ಸೌ. ಸುಮಾಳೊಂದಿಗೆ...'" ಆಕೆ ನಿಧಾನವಾಗಿ ತಲೆ ಎತ್ತಿದರು. "ಯಾವಾಗಿಂದ ನಡದೈತ್ರಿ ಇದು?"

ಗಾಬರಿಯಲ್ಲಿ ಎರಡನೆಯದನ್ನು ತೆಗೆದೆ. ಅದರಲ್ಲಿ ವರನ ಜಾಗದಲ್ಲಿ ವರನ ಚಿಕ್ಕಪ್ಪ! ತೆರೆಯನ್ನು ಸರಿಯಾಗಿ ನೋಡಿದರೆ, ಎಲ್ಲಕ್ಕಿಂತ ಮೇಲೆ ನಾನು ಹಾಕದ ಮೂರು ಸಾಲು: ಮನೆದೇವರು ಪ್ರಸನ್ನ, ಊರದೇವರು ಪ್ರಸನ್ನ, ಬೀಗರ ಮನೆದೇವರು ಪ್ರಸನ್ನ. ಯಾರೋ ಪೂರ್ತಿ ಇಟ್ಟಿದ್ದ ಆ ಕೊನೆಯ ಪತ್ರಿಕೆಗೇ ಕೈ ಹಾಕಿದ್ದರು. ಆರನೇ ಸಾಲಿನ ವರ ಜಾರಿ ಒಂಬತ್ತಕ್ಕೆ ಬಂದಿದ್ದ. ಪಾಪ, ನನ್ನ ಚೀಟಿಗೆ ಅದೇನು ಗೊತ್ತು? ಅವನನ್ನೇ ಎಬ್ಬಿಸಿ ದೊಡ್ಡಪ್ಪನನ್ನು ಕೂರಿಸಿತ್ತು. ಮೂರನೇ ಪತ್ರಿಕೆ ಕಂಪ್ಯೂಟರಿನಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಹಾಲಪ್ಪನವರು ಆಗಲೇ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದಿದ್ದರು.

ಅಷ್ಟರಲ್ಲಿ ಅಪ್ಪ ಒಳಗೆ ಬಂದರು. ಕಾಗದ ನೋಡಿದರು. ಹಾಲಪ್ಪನವರ ಹೆಂಡತಿಯ ಮುಖ ನೋಡಿದರು. "ಮೇಲಿನ ಈ ಮೂರು ಸಾಲು ಹಾಕಿದ್ಯಾರು?" ಎಂದು ನಾನೇ ಕೇಳಿದೆ.

"ದೇವ್ರ ಹೆಸ್ರೇ ಇರ್ಲಿಲ್ಲ, ಬೆಳಗ್ಗೆ ನಾನೇ ಹಾಕ್ದೆ. ಅದರಾಗ ತಪ್ಪೇನ್ ಬಂತೋ?"

ನಾನು ಚೀಟಿಯ ಮಹಿಮೆಯನ್ನು ವಿವರಿಸತೊಡಗಿದೆ. ಅಪ್ಪ ಕೇಳಿಸಿಕೊಳ್ಳಲೇ ಇಲ್ಲ. ಬಾಗಿಲ ಹಿಂದಿನ ತಂತಿಗೆ ಚುಚ್ಚಿಟ್ಟಿದ್ದ, ಗಿರಾಕಿ ಸಹಿ ಮಾಡಿದ ಏಳೂ ಪ್ರೂಫುಗಳನ್ನು ಎಳೆದು, ಮೂರನೆಯದನ್ನು ಹಾಲಪ್ಪನವರ ಕೈಗಿಟ್ಟರು.

"ಇದೇ ಅಲ್ಲೇನ್ರಿ? ಕೂಡ್ರಿ, ನಾನೇ ಹೊಡದು ಕೊಡ್ತೀನಿ."

ಆಮೇಲೆ ನನ್ನ ಕಡೆ ತಿರುಗಿದರು.

"ಜಾಗ ಭಾಳ ಉಳ್ಸಿದೀಯಪ್ಪ. ಈಗ ಆ ಕುರ್ಚಿನೂ ಖಾಲಿ ಮಾಡು."